ಅಣ್ಣನ ಅರ್ಜಿ

2 ಫೆಬ್ರವರಿ 2025, ಭಾನುವಾರ
ಮೈಸೂರು

ಬೆಳಗ್ಗೆ ಹೊನ್ನಾವರದಿಂದ ಅಣ್ಣ ಫೋನ್ ಮಾಡಿದ್ದ. "ಸರ್ಕಾರ ದಯಾಮರಣಕ್ಕೆ ಒಪ್ಪಿಗೆ ಕೊಟ್ಟಿದೆಯಂತಲ್ಲ, ನನಗೂ ಒಂದು ಅರ್ಜಿ ತರಿಸಿಕೊಡು ತಂಗಿ" ಎಂದ, ರೇಷನ್ ಕಾರ್ಡಿನ ಅರ್ಜಿ ಕೇಳುವ ಧಾಟಿಯಲ್ಲಿ. 78 ವರ್ಷದ ಅವನಿಗೆ ಮಂಡಿನೋವಿನ ಹೊರತು ಬೇರೆ ಕಾಯಿಲೆಯಿಲ್ಲ.

ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆದಿಡುತ್ತೇನೆ. ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿಗೆ ತರಲೆಂದು ಈ ವಾರ ರಾಜ್ಯದ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಗೆ ಪತ್ರಿಕೆಗಳು 'ದಯಾಮರಣ' ಎಂಬ ತಲೆಬರಹ ಕೊಟ್ಟಿವೆ. ಆದರೆ ಆ ಒಂದು ಪದದೊಳಗೆ ಎರಡು ಬೇರೆ ಸಂಗತಿಗಳಿವೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂಗಳಲ್ಲಿ 2002ರಿಂದ ಕಾನೂನುಬದ್ಧವಾಗಿರುವಂತೆ, ರೋಗಿ ಕೇಳಿದನೆಂದು ವೈದ್ಯರೇ ಮದ್ದು ಕೊಟ್ಟು ಜೀವ ಮುಗಿಸುವುದು ನಮ್ಮಲ್ಲಿ ಇಂದಿಗೂ ಅಪರಾಧ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಿದ್ದು ಇಷ್ಟೇ: ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆಯನ್ನು ಆರಂಭಿಸದೆ ಇರಬಹುದು ಅಥವಾ ನಿಲ್ಲಿಸಬಹುದು, ಮತ್ತು ಆ ಇಚ್ಛೆಯನ್ನು ಬುದ್ಧಿ ಸ್ವಸ್ಥವಾಗಿರುವಾಗಲೇ ಬರೆದಿಡಬಹುದು. ಅಂದು ಆ ಬರಹಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿದ್ದ ನ್ಯಾಯಾಲಯ, 2023ರ ಜನವರಿಯಲ್ಲಿ ನಿಯಮವನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಬರೆದಿಟ್ಟ ಮಾತ್ರಕ್ಕೆ ಯಾರೂ ಕೊಳವೆ ಕೀಳುವುದಿಲ್ಲ. ತಲಾ ಮೂವರು ವೈದ್ಯರಿರುವ ಎರಡು ಮಂಡಳಿಗಳು ಒಪ್ಪಬೇಕು.

ಅಣ್ಣ ಏಕೆ ಕೇಳಿದನೆಂಬುದು ನನಗೆ ಗೊತ್ತು. ಅಮ್ಮ ದೇವಸ್ಥಾನದ ಜಗಲಿಯಿಂದ ಏಳುವ ಮುನ್ನ 'ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ' ಎಂದು ಹೇಳಿಕೊಳ್ಳದೆ ಎದ್ದವಳಲ್ಲ. ಅಂಥವಳು ಕೊನೆಯ 17 ದಿನಗಳನ್ನು ಐಸಿಯುನಲ್ಲಿ, ಕೊಳವೆ ಕಿತ್ತುಕೊಳ್ಳದಿರಲೆಂದು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ ಕೈಗಳೊಂದಿಗೆ ಕಳೆದಳು. ಮುಂದುವರಿಸಬೇಕೇ ಎಂದು ವೈದ್ಯರು ಕಾರಿಡಾರಿನಲ್ಲಿ ಕೇಳಿದಾಗ, "ಏನೇನು ಸಾಧ್ಯವೋ ಎಲ್ಲವನ್ನೂ ಮಾಡಿ" ಎಂದವನು ಅಣ್ಣನೇ. ದುಡ್ಡಿಗೆ ಹಿಂದೆಗೆದು ತಾಯಿಯನ್ನು ಕೊಂದರು ಎಂದು ನಾಳೆ ಊರವರು ಆಡಿಕೊಂಡರೆ ಎಂಬ ಅಂಜಿಕೆ ಅವನಿಗಿತ್ತು, ನನಗೂ ಇತ್ತು. ದಿನವೂ ಕೇಳಿಸಿಕೊಂಡಿದ್ದ ಆ ಶ್ಲೋಕ ಅಮ್ಮನ ಇಚ್ಛೆಯೆಂದು ಅಂದು ನಮ್ಮಿಬ್ಬರಿಗೂ ತೋಚಲಿಲ್ಲ.

ಈ ಚರ್ಚೆ ದೇಶದಲ್ಲಿ ಕಾವೇರಿದ್ದು ನಮ್ಮ ತಾಲ್ಲೂಕಿನ ಹೆಣ್ಣುಮಗಳೊಬ್ಬಳ ನೆಪದಲ್ಲಿ ಎಂಬುದು ಎಷ್ಟು ಜನರಿಗೆ ನೆನಪಿದೆಯೋ. ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರಿನಲ್ಲಿ ಅಲ್ಲಿನ ನೌಕರನೊಬ್ಬನ ಅಮಾನುಷ ದಾಳಿಗೆ ಸಿಲುಕಿ ಮಿದುಳು ಘಾಸಿಗೊಂಡು, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ದಯಾಮರಣದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಿರಸ್ಕರಿಸಿತು. ದಶಕಗಳ ಕಾಲ ಉಣಿಸಿ, ಮೈ ಒರೆಸಿ, ಮಗ್ಗುಲು ಬದಲಿಸುತ್ತ ಬಂದ ಆಸ್ಪತ್ರೆಯವರೇ ಅವರ ಪರವಾಗಿ ಮಾತನಾಡಲು ಅರ್ಹರೆಂದು ಹೇಳಿತು. ಆ ನರ್ಸುಗಳು ಬೇಡವೆಂದಿದ್ದರು. ಅವರನ್ನು ತಪ್ಪೆನ್ನಲು ನನ್ನಿಂದಾಗದು. ಆದರೆ ಅರುಣಾಗೆ ಏನು ಬೇಕಿತ್ತೆಂಬುದು ಮಾತ್ರ ಯಾರ ಕೈಗೂ ಸಿಗಲಿಲ್ಲ.

ಇಂಥ ಕಾನೂನನ್ನು ಮಕ್ಕಳು ಆಸ್ತಿಗಾಗಿ ದುರುಪಯೋಗ ಮಾಡಿಕೊಳ್ಳುತ್ತಾರೆಂಬ ಆಕ್ಷೇಪ ಸುಳ್ಳಲ್ಲ. ಮದ್ದು ಕೊಟ್ಟು ಮುಗಿಸುವ ವಿಚಾರಕ್ಕೆ ನಾನು ಇನ್ನೂ ಒಪ್ಪದಿರುವುದು ಅದರಿಂದಲೇ. ಜೊತೆಗೆ, ನೋವು ಇಳಿಸಲು ಮಾರ್ಫಿನ್ ಸಿಗದ ಊರಿನ ಕ್ಯಾನ್ಸರ್ ರೋಗಿ ಸಾವನ್ನು ಬೇಡಿದರೆ, ಅವನು ಬೇಡುತ್ತಿರುವುದು ಸಾವನ್ನೋ ಒಂದು ರಾತ್ರಿಯ ನಿದ್ದೆಯನ್ನೋ ಹೇಳುವುದು ಹೇಗೆ? ಬೆಂಗಳೂರಿನ ಕರುಣಾಶ್ರಯದಲ್ಲಿ ಅಂಥವರನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ; ಹೊನ್ನಾವರದಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ.

ಆದರೆ ಚಿಕಿತ್ಸೆ ನಿಲ್ಲಿಸುವುದು ಹೊಸದೆಂಬಂತೆ ಬೆಚ್ಚಿಬೀಳುವವರು ಐಸಿಯು ಬಾಗಿಲಲ್ಲಿ ಒಂದು ದಿನ ಕುಳಿತವರಲ್ಲ. ಕೈಯಲ್ಲಿದ್ದ ಹಣ, ಅಡವಿಟ್ಟ ಬಂಗಾರದ ಹಣ ಎರಡೂ ಮುಗಿದ ಮೇಲೆ, 'ನಮ್ಮ ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ' ಎಂದು ಸಹಿ ಹಾಕಿ, ಉಸಿರಿನ್ನೂ ಆಡುತ್ತಿರುವವರನ್ನು ಆಂಬುಲೆನ್ಸಿಗೆ ಏರಿಸುವುದನ್ನು ಆ ಹದಿನೇಳು ದಿನಗಳಲ್ಲಿ ಎರಡು ಸಲ ಕಂಡೆ. ಅದಕ್ಕೆ ಯಾವ ಮಂಡಳಿಯ ಒಪ್ಪಿಗೆಯೂ ಬೇಕಿರಲಿಲ್ಲ.

ಸಂಜೆ ಮತ್ತೆ ಫೋನ್ ಮಾಡಿ, ಅರ್ಜಿ ನಮೂನೆಯೇನೂ ಬೇಕಿಲ್ಲ, ಬಿಳಿ ಹಾಳೆಯಲ್ಲಿ ಬರೆದು ನೋಟರಿಯ ಬಳಿ ಹೋದರಾಯಿತು, ಆದರೆ ನಿನಗೆ ಎಚ್ಚರ ತಪ್ಪಿದಾಗ ತೀರ್ಮಾನ ಹೇಳಬೇಕಾದವರ ಹೆಸರನ್ನು ಅದರಲ್ಲಿ ಬರೆಯಲೇಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಗನದು ಬೇಡ, ಅವನು ನನ್ನ ಹಾಗೆಯೇ. ಸೊಸೆಯ ಹೆಸರು ಬರೆಯುತ್ತೇನೆ, ಎರಡನೆಯದು ನಿನ್ನದು" ಎಂದ. ಆಗಲಿ ಎಂದಿದ್ದೇನೆ.