ಹಿಡಿಸೂಡಿಯ ಮಳೆ

ನಮ್ಮ ಉಡುಪಿಯಲ್ಲಿ ಕಾರಂತರು ಎಂದರೆ ಕೋಟದ ಶಿವರಾಮ ಕಾರಂತರೇ. ರಂಗನಿರ್ದೇಶಕ ಬಿ. ವಿ. ಕಾರಂತರ ಮಾತು ಬಂದರೆ, "ಅವರು ಬೆಂಗಳೂರಿನವರಲ್ಲವೇ?" ಎಂದು ಕೇಳುವವರು ಈಗಲೂ ಸಿಗುತ್ತಾರೆ. ಅವರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ ಅವರನ್ನು ಮುಂದೆ ಅದರ ಒಡೆಯ ವೀರಣ್ಣನವರೇ ಓದಲೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿ ಎಂ.ಎ. ಪದವಿಯ ಜತೆಗೆ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತದ ಅಭ್ಯಾಸವೂ ನಡೆಯಿತು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು.

ಇಷ್ಟೆಲ್ಲ ಊರು ಸುತ್ತಿದ ಮೇಲೂ ಅವರ ಕಿವಿ ಮಾತ್ರ ಕರಾವಳಿಯದೇ ಆಗಿ ಉಳಿಯಿತು ಎಂಬುದು ನನ್ನ ಅನಿಸಿಕೆ. 1979ರಲ್ಲಿ ಅವರು ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ 'ಬರ್ನಂ ವನ' ಎಂಬ ಹೆಸರಿನಿಂದ ಆಡಿಸಿದಾಗ, ದೆಹಲಿಯ ನಟರ ಮೈಗೆ ಒಗ್ಗಿಸಿದ್ದು ನಮ್ಮ ಯಕ್ಷಗಾನ ಬಯಲಾಟದ ನಡೆಯನ್ನು. ಅವರೇ ನಿರ್ದೇಶಿಸಿದ 1975ರ 'ಚೋಮನ ದುಡಿ' ಚಿತ್ರದಲ್ಲಿಯೂ, ಅದಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತೆಂಬುದಕ್ಕಿಂತ, ಚೋಮ ಬಾಯಿಬಿಟ್ಟು ಹೇಳಲಾರದ್ದನ್ನು ಆ ದುಡಿ ಹೇಳುವ ಬಗೆಯೇ ನನಗೆ ಹೆಚ್ಚಿನದು.

ಆದರೆ ಉಡುಪಿ ಕೃಷ್ಣಮಠದ ರಥಬೀದಿಯ ಹತ್ತಿರ ಬೆಳೆದ ನನ್ನನ್ನು ತಬ್ಬಿಬ್ಬುಗೊಳಿಸಿದ್ದು, ಜಡಭರತರು ಬರೆದು ಕಾರಂತರು ರಂಗಕ್ಕೆ ತಂದ 'ಸತ್ತವರ ನೆರಳು'. ಮಠದೊಳಗಿನ ಅಧಿಕಾರದಾಟವನ್ನು ಗೇಲಿ ಮಾಡುವ ಆ ನಾಟಕದ ಉದ್ದಕ್ಕೂ ಪುರಂದರದಾಸರ ಪದಗಳಿವೆ. ಮನೆಯಲ್ಲಿ ಅಜ್ಜಿ ಕೈಮುಗಿದು ಹಾಡುತ್ತಿದ್ದ ದಾಸರ ಪದಗಳೇ ಅಲ್ಲಿ ಕುಟುಕುತ್ತವೆ. ಪಕ್ಕದಲ್ಲಿ ಕುಳಿತವರು ನಗುವಾಗ ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕಾರಂತರ ಸಂಗೀತ ಕೆಲವೊಮ್ಮೆ ನಾಟಕದ ಮಾತನ್ನೇ ನುಂಗಿಬಿಡುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಈ ನಾಟಕದಲ್ಲಂತೂ ಮಾತಿಗಿಂತ ಪದವೇ ಹರಿತ.

ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ ಎಂದು ಸಂಸ್ಥೆಗಳನ್ನು ಕಟ್ಟುತ್ತ ಹೋದ ಅವರು 2002ರಲ್ಲಿ ತೀರಿಕೊಂಡರು. ನಾನು ಅವರನ್ನು ಒಮ್ಮೆಯೂ ಕಂಡವನಲ್ಲ. ನನಗೆ ದಕ್ಕಿದ ಕಾರಂತರು ನಮ್ಮ ಶಾಲೆಯ ಕನ್ನಡ ಮಾಷ್ಟ್ರ ಮೂಲಕ ಬಂದವರು. ಯಾವುದೋ ರಂಗಶಿಬಿರದಲ್ಲಿ ಕಾರಂತರ ಬಳಿ ನಾಲ್ಕು ದಿನ ಕಲಿತು ಬಂದಿದ್ದ ಅವರು, ವಾರ್ಷಿಕೋತ್ಸವದ ನಾಟಕಕ್ಕೆ ಹಾರ್ಮೋನಿಯಂ ಬೇಡವೆಂದು ಹೇಳಿ, ಮನೆಯಿಂದ ಗೆರಟೆ (ತೆಂಗಿನ ಚಿಪ್ಪು), ಅಡಿಕೆ ಹಾಳೆ ಮತ್ತು ಹಿಡಿಸೂಡಿ (ಕಡ್ಡಿಪೊರಕೆ) ತರಲು ನಮಗೆ ಅಪ್ಪಣೆ ಮಾಡಿದರು. ಒಣಗಿದ ಹಾಳೆಯ ಬೆನ್ನ ಮೇಲೆ ಹಿಡಿಸೂಡಿಯ ತುದಿಯನ್ನು ಮೆಲ್ಲಗೆ ಎಳೆದರೆ ಜಿಟಿಜಿಟಿ ಮಳೆ. ನಾಲ್ವರು ಒಟ್ಟಿಗೆ ಬೀಸಿ ಎಳೆದರೆ ಆಷಾಢದ ಮಳೆ.

"ಜೋರು ಬೇಡ ಮಾರಾಯ, ಮನೆಯ ಮಾಡು ಸೋರುವುದು ಕೇಳಬೇಕು," ಎಂದು ಮಾಷ್ಟ್ರು ನನ್ನ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ಗೆರಟೆಯೊಂದನ್ನು ಬೋರಲು ಹಾಕಿ, ಬೆರಳ ತುದಿಯಿಂದ ಅದರ ಮೇಲೆ ಟಪ್ ಎಂದು ಒಮ್ಮೆ ತಟ್ಟಿ, ಎರಡನೆಯ ಹನಿಗಾಗಿ ನಮ್ಮನ್ನೆಲ್ಲ ಬಹಳ ಹೊತ್ತು ಕಾಯಿಸಿದರು.