ಸೀಡ್ ಫಂಡ್ ಅರ್ಜಿಯ ಮೊದಲ ಪ್ಯಾರಾದಲ್ಲಿ ಏನಿರಬೇಕು?

ಮೈಸೂರಿನ ಒಂದು ಮೆಡಿಕಲ್ ಕಾಲೇಜಿನ ರಿಸರ್ಚ್ ಸೆಲ್‌ನಲ್ಲಿ ನನ್ನ ಕೆಲಸ. ಡಾಕ್ಟರುಗಳು, ನರ್ಸ್‌ಗಳು, ಲ್ಯಾಬ್‌ನವರು ಸಂಶೋಧನೆಗೆ ಹಣ ಕೇಳಿ ಬರೆಯುವ ಪ್ರಪೋಸಲ್‌ಗಳನ್ನು ಓದಿ, ತಿದ್ದಿಸಿ, ಕಳಿಸುವುದು. ಇವುಗಳಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಸೀಡ್ ಫಂಡ್ ಅರ್ಜಿಗಳು. ಯಾರೂ ಇನ್ನೂ ಮಾಡಿ ನೋಡಿಲ್ಲ, ಕೇಳಿದವರು "ಇದೆಲ್ಲಾ ಆಗುತ್ತಾ?" ಅನ್ನುತ್ತಾರೆ, ಅಂಥ ಯೋಚನೆಗೆ ಸಿಗುವ ಮೊದಲ ಹಣ ಅದು.

ಯೋಚನೆ ಹೊಸದಾದಷ್ಟೂ ಬರೆಯುವವರಿಗೆ ಅಂಜಿಕೆ ಜಾಸ್ತಿ. ಅದನ್ನು ಮುಚ್ಚಿಕೊಳ್ಳಲು ಹಿನ್ನೆಲೆಯನ್ನೇ ಪುಟಗಟ್ಟಲೆ ಬರೆಯುತ್ತಾರೆ. ಕಾಯಿಲೆ ಎಷ್ಟು ದೊಡ್ಡದು, ಯಾರು ಯಾರು ಏನು ಹೇಳಿದ್ದಾರೆ, ಎಲ್ಲಾ ಇರುತ್ತದೆ. ಇವರು ಮಾಡಲು ಹೊರಟಿರುವುದೇನು ಅನ್ನುವುದು ಮಾತ್ರ ಹುಡುಕಬೇಕು. ಹಾಗಾಗಿ ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಯೋಚನೆ ನಡೆಯಲ್ಲ ಅನ್ನುವುದಾದರೆ, ಅದು ಬೇಗ, ಕಮ್ಮಿ ಖರ್ಚಿನಲ್ಲಿ ಗೊತ್ತಾಗಲು ಯಾವ ಪರೀಕ್ಷೆ ಮಾಡಬೇಕು? ಆ ಉತ್ತರವೇ ಅರ್ಜಿಯ ಮೊದಲ ಪ್ಯಾರಾ ಆಗಬೇಕು.

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ತಂದ ಯೋಚನೆಯನ್ನೇ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅಲ್ಲಿ ಭತ್ತದ ಗದ್ದೆ, ಕಬ್ಬಿನ ಗದ್ದೆ. ಹಾವು ಕಚ್ಚಿದವರು ಬರುತ್ತಲೇ ಇರುತ್ತಾರೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಅದನ್ನು ಪತ್ತೆ ಮಾಡಲು ಒಂದು ಹಳೆಯ, ಸರಳ ಪರೀಕ್ಷೆ ಇದೆ. ಎರಡು ಎಂಎಲ್ ರಕ್ತವನ್ನು ಒಣಗಿದ, ಹೊಸ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಇನ್ನೂ ಹರಿಯುತ್ತಿದ್ದರೆ ವಿಷ ಏರಿದೆ, ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಇಂಜೆಕ್ಷನ್, ಬೇಕು. ಎಎಸ್‌ವಿ ಕೊಟ್ಟ ಆರು ಗಂಟೆಯ ನಂತರ ಮತ್ತೆ ಇದೇ ಪರೀಕ್ಷೆ.

ತೊಂದರೆ ಇರುವುದು ಟ್ಯೂಬಿನಲ್ಲಿ. ರಕ್ತ ಹೆಪ್ಪುಗಟ್ಟಲು ಶುರುವಾಗುವುದಕ್ಕೆ ಗಾಜು ತಗಲುವುದು ಮುಖ್ಯ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜಿನ ಟ್ಯೂಬಿನಲ್ಲಿ, ಚೆನ್ನಾಗಿರುವ ರಕ್ತವೂ ಗಟ್ಟಿಯಾಗದೆ ಉಳಿಯಬಹುದು. ಆಗ ಎಎಸ್‌ವಿ ಬೇಡದವರಿಗೂ ಹೋಗುತ್ತದೆ. ಅದರ ಅಲರ್ಜಿಯೇ ಕೆಲವರ ಪ್ರಾಣಕ್ಕೆ ಬರಬಹುದು. ಈಗ ಲ್ಯಾಬಿಗೆ ಸಪ್ಲೈ ಆಗುವುದು ಹೆಚ್ಚಾಗಿ ಪ್ಲಾಸ್ಟಿಕ್ಕೇ ಅಲ್ವಾ?

ಇವರ ಯೋಚನೆ ಇದು. ಗಾಜಿನ ನಾರಿನಿಂದ ಮಾಡಿದ ಫಿಲ್ಟರ್ ಪೇಪರ್ ಸಿಗುತ್ತದೆ. ಅದರ ಸಣ್ಣ ಪಟ್ಟಿಯ ಒಂದು ತುದಿಗೆ ಒಂದು ಹನಿ ರಕ್ತ ಹಾಕುವುದು. ಸ್ವಲ್ಪ ಹೊತ್ತು ಬಿಟ್ಟು ಪಕ್ಕದಲ್ಲಿ ಸಲೈನ್ ಬಿಡುವುದು. ಗಟ್ಟಿಯಾದ ರಕ್ತ ಅಲ್ಲೇ ನಿಲ್ಲಬೇಕು, ಆಗದ್ದು ಸಲೈನ್ ಜೊತೆ ಮುಂದಕ್ಕೆ ಹರಿಯಬೇಕು. ಕೆಂಪು ಗೆರೆ ಎಲ್ಲಿಯವರೆಗೆ ಹೋಯಿತು ಅಂತ ಕಣ್ಣಲ್ಲೇ ನೋಡಬಹುದು.

ಅವರು ಬರೆದು ತಂದಿದ್ದ ಪ್ಲಾನ್ ಭಾರಿಯಾಗಿತ್ತು. ಜಿಲ್ಲೆಯ ಎಲ್ಲಾ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಈ ಪೇಪರ್ ಪಟ್ಟಿ ಹಂಚುವುದು, ಮೊಬೈಲ್ ಆ್ಯಪ್, ಎಲ್ಲರಿಗೂ ಟ್ರೈನಿಂಗ್. ಕೂತು ಮಾತಾಡಿದೆವು. ಇಷ್ಟರಲ್ಲಿ ಯಾವುದು ಸುಳ್ಳಾದರೆ ಉಳಿದದ್ದೆಲ್ಲಾ ವ್ಯರ್ಥ? ಪೇಪರ್. ಹೆಪ್ಪುಗಟ್ಟುವ ರಕ್ತಕ್ಕೂ ಗಟ್ಟದ ರಕ್ತಕ್ಕೂ ಪೇಪರ್ ಮೇಲೆ ವ್ಯತ್ಯಾಸ ಕಾಣದಿದ್ದರೆ ಆ್ಯಪ್ ಕಟ್ಟಿಕೊಂಡು ಏನು ಮಾಡುವುದು? ಅದನ್ನು ತಿಳಿಯಲು ಹಾವು ಕಚ್ಚಿದ ರೋಗಿಯೇ ಬೇಕಾಗಿಲ್ಲ. ಆರೋಗ್ಯವಂತರ ರಕ್ತ ತೆಗೆದು, ಅರ್ಧಕ್ಕೆ ಸಿಟ್ರೇಟ್ ಸೇರಿಸಿದರೆ ಅದು ಹೆಪ್ಪುಗಟ್ಟುವುದಿಲ್ಲ. ಇನ್ನರ್ಧ ಹಾಗೇ ಇರಲಿ. ಎರಡನ್ನೂ ಪಟ್ಟಿಗೆ ಹಾಕಿ, ಯಾವುದು ಯಾವುದೆಂದು ಗೊತ್ತಿಲ್ಲದವರಿಂದ ಓದಿಸಬೇಕು. ಮಳೆಗಾಲದ ತೇವದಲ್ಲೂ, ಬೇಸಿಗೆಯ ಸೆಕೆಯಲ್ಲೂ ಮಾಡಿ ನೋಡಬೇಕು. ಇಲ್ಲೇ ಸೋತರೆ ಕೆಲಸ ನಿಲ್ಲಿಸುತ್ತೇವೆ ಅಂತ ಸ್ಪಷ್ಟವಾಗಿ ಬರೆದೆವು.

ಗೆದ್ದರೆ ಎರಡನೇ ಹಂತ. ಆಸ್ಪತ್ರೆಯಲ್ಲಿ ಹೇಗಿದ್ದರೂ ರಕ್ತ ತೆಗೆಯುವ ರೋಗಿಗಳಿಂದ, ಒಪ್ಪಿಗೆ ಪಡೆದು, ಒಂದೇ ಒಂದು ಹನಿ ಪಟ್ಟಿಗೆ. ಗಾಜಿನ ಟ್ಯೂಬ್ ಮತ್ತು ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಲ್ಯಾಬಿನಲ್ಲಿ ಅಳೆಯುವ ಪರೀಕ್ಷೆ) ಜೊತೆ ಹೋಲಿಕೆ. ಚಿಕಿತ್ಸೆ ಮಾತ್ರ ಪಟ್ಟಿಯನ್ನು ನೋಡಿ ನಡೆಯುವುದಿಲ್ಲ, ಈಗ ಹೇಗಿದೆಯೋ ಹಾಗೆಯೇ. ಇಲ್ಲಿ ಇನ್ನೊಂದು ಮಾತು ಸೇರಿಸಿದೆವು, ಅರ್ಜಿಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸಿದ್ದು ಇದೇ. ಎರಡು ಬಗೆಯ ತಪ್ಪುಗಳು ಒಂದೇ ಅಲ್ಲ. ಬೇಡದವರಿಗೆ ಎಎಸ್‌ವಿ ಬೇಕು ಅಂತ ಪಟ್ಟಿ ತೋರಿಸಿದರೆ ಕಷ್ಟ. ಬೇಕಾದವರಿಗೆ ಬೇಡ ಅಂತ ತೋರಿಸಿದರೆ ಆ ಮನುಷ್ಯ ಬದುಕುವುದೇ ಅನುಮಾನ. ಅದಕ್ಕೆ ಎರಡಕ್ಕೂ ಬೇರೆ ಬೇರೆ ಮಿತಿ ಇಟ್ಟೆವು. ಎರಡನೆಯದಕ್ಕೆ ತುಂಬಾ ಬಿಗಿ.

ಹಣ ಕೊಡುವವರು ಕೇಳುವುದೂ ಇಂಥದ್ದನ್ನೇ. ಗೇಟ್ಸ್ ಫೌಂಡೇಶನ್ 2008ರಲ್ಲಿ ಗ್ರ್ಯಾಂಡ್ ಚಾಲೆಂಜಸ್ ಎಕ್ಸ್‌ಪ್ಲೋರೇಶನ್ಸ್ ಶುರು ಮಾಡಿದಾಗ ಅರ್ಜಿ ಎರಡೇ ಪುಟ, ಮೊದಲೇ ಮಾಡಿದ ಪ್ರಯೋಗದ ಡೇಟಾ ಬೇಕಾಗಿಲ್ಲ, ಗೆದ್ದವರಿಗೆ ಮೊದಲ ಹಂತದಲ್ಲಿ ಒಂದು ಲಕ್ಷ ಡಾಲರ್. ಎರಡು ಪುಟದಲ್ಲಿ ಹಿನ್ನೆಲೆಗೆ ಜಾಗ ಎಲ್ಲಿ? ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರಲ್ಲಿ 'ಫಸ್ಟ್ ಇನ್ ದಿ ವರ್ಲ್ಡ್ ಚಾಲೆಂಜ್' ಕರೆದಾಗ, ಇರುವುದನ್ನೇ ಸ್ವಲ್ಪ ಸುಧಾರಿಸುವ ಪ್ರಪೋಸಲ್ ಬೇಡ ಅಂತ ಹೇಳಿಯೇ ಕರೆಯಿತು. ಯೋಚನೆ ಮುಂದೆ ಒಂದು ಸಾಧನವಾಗಿ ಮಾರುಕಟ್ಟೆಗೆ ಬರುವಂಥದ್ದಾದರೆ ಕೇಂದ್ರ ಸರ್ಕಾರದ ಬಯೋಟೆಕ್ ಸಂಸ್ಥೆ ಬೈರಾಕ್‌ನ ಬಯೋಟೆಕ್ನಾಲಜಿ ಇಗ್ನಿಷನ್ ಗ್ರ್ಯಾಂಟ್ ಇದೆ. 50 ಲಕ್ಷ ರೂಪಾಯಿವರೆಗೆ, 18 ತಿಂಗಳು. ಎಂಬಿಬಿಎಸ್ ವಿದ್ಯಾರ್ಥಿಗಳು ಐಸಿಎಂಆರ್‌ನ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆ ಎಸ್‌ಟಿಎಸ್‌ನಿಂದ ಶುರು ಮಾಡಬಹುದು. ನಿಯಮಗಳು ಆಗಾಗ ಬದಲಾಗುತ್ತವೆ. ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿಯೇ ಕೂರಬೇಕು.

"ಇದನ್ನು ನಿಮ್ಮೂರಲ್ಲೇ ಯಾಕೆ ಮಾಡಬೇಕು?" ಅಂತಲೂ ಕೇಳುತ್ತಾರೆ. ಈ ಪ್ರಶ್ನೆಗೆ ಮೈಸೂರಿನವರು ಹಿಂಜರಿಯಬೇಕಾಗಿಲ್ಲ. ನಾವೆಲ್ಲಾ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಹುಟ್ಟಿದಾಗ ತೂಕ ಕಮ್ಮಿ ಇದ್ದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಅಂತ ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ ಹೇಳಿದಾಗ ನಂಬದವರು ಬಹಳ ಜನ ಇದ್ದರು. ಆ ಮಾತು ನಮ್ಮ ದೇಶಕ್ಕೂ ಹೊಂದುತ್ತಾ ಅಂತ ನೋಡಲು ನೆರವಾದದ್ದು ಇದೇ ರಿಜಿಸ್ಟರ್‌ಗಳು. ಇಲ್ಲಿ ಹುಟ್ಟಿ ಇಲ್ಲೇ ಬೆಳೆದವರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು, ಇಲ್ಲೂ ಅದೇ ಸಂಬಂಧ ಕಂಡಿತ್ತು. ನಿಮ್ಮ ಆಸ್ಪತ್ರೆಯ ಬೀರುವಿನಲ್ಲಿ ಏನಿದೆ ಅಂತ ಒಮ್ಮೆ ತೆಗೆದು ನೋಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ತಿಳಿಸಬೇಕು. ಟೆಕ್ನಿಷಿಯನ್ ಅವರ ಅರ್ಜಿಯಲ್ಲಿ ಆ ಕೇಸುಗಳನ್ನು ಬರೆದಿಟ್ಟ ರಿಜಿಸ್ಟರ್ ನಮ್ಮ ಬಲವಾಯಿತು. ಕಚ್ಚಿ ಎಷ್ಟು ಹೊತ್ತಿಗೆ ಬಂದರು ಅನ್ನುವುದು ಅವರ ಆಸ್ಪತ್ರೆಯಲ್ಲಿ ನೀಟಾಗಿ ಬರೆದಿತ್ತು.

ಇನ್ನು ಅರ್ಜಿಯಲ್ಲಿ ಯಾರ ಹೆಸರು ಇರಬೇಕು ಅನ್ನುವ ವಿಷಯ. ಇದರಲ್ಲಿ ನಾನು ಹಟ ಹಿಡಿಯುತ್ತೇನೆ. "ಸಾರ್, ನಾನು ಡಿಎಂಎಲ್‌ಟಿ, ಲ್ಯಾಬ್ ಡಿಪ್ಲೊಮಾ ಅಷ್ಟೇ ಓದಿರೋದು. ನನ್ನ ಹೆಸರು ಹಾಕಿದ್ರೆ ಅರ್ಜಿಗೆ ತೊಂದ್ರೆ ಆಗಲ್ವಾ?" ಅಂತ ಆ ಟೆಕ್ನಿಷಿಯನ್ ಕೇಳಿದರು. "ಯೋಚನೆ ನಿಮ್ಮದು ಮೇಡಂ, ಹೆಸರು ಇರಲೇಬೇಕು" ಅಂದೆ. ಪಿಐ, ಅಂದರೆ ಮುಖ್ಯ ಸಂಶೋಧಕರು, ಆಗಲು ಸಾಮಾನ್ಯವಾಗಿ ಕಾಲೇಜಿನ ಅಧ್ಯಾಪಕರೇ ಬೇಕು. ನಮ್ಮ ಪೆಥಾಲಜಿಯ ಒಬ್ಬ ಮೇಡಂ ಒಪ್ಪಿಕೊಂಡರು. ಟೆಕ್ನಿಷಿಯನ್ ಸಹ-ಸಂಶೋಧಕರು. ಯೋಚನೆ ಯಾರಿಂದ ಬಂತು ಅನ್ನುವುದನ್ನು ಅರ್ಜಿಯಲ್ಲೇ ಬರೆದೆವು. ದಿನಾ ಟ್ಯೂಬ್ ಹಿಡಿಯುವವರ ಕಣ್ಣಿಗೆ ಬೀಳುವುದು ನಮಗೆ ಬೀಳುವುದಿಲ್ಲ. ಅಂಥವರ ಹೆಸರು ಕೊನೆಯ ಪುಟದ ಕೃತಜ್ಞತೆಗೆ ಹೋಗಿ ಸೇರುವುದು ಅನ್ಯಾಯ.

ಸರ್ಕಾರಿ ಕೆಲಸದಲ್ಲಿರುವವರು ಇನ್ನೊಂದು ಗಮನಿಸಿ. ಆಡಳಿತ ವೈದ್ಯಾಧಿಕಾರಿಗಳಿಂದ ಜಿಲ್ಲಾ ಆರೋಗ್ಯಾಧಿಕಾರಿಗಳವರೆಗೆ (ಡಿಎಚ್‌ಒ) ಅನುಮತಿ ಪತ್ರ ಬರಲು ಟೈಮ್ ಹಿಡಿಯುತ್ತದೆ. ಮನುಷ್ಯರ ಮೇಲಿನ ಸಂಶೋಧನೆ ಸರಿಯಾಗಿದೆಯೇ ಅಂತ ನೋಡುವ ಎಥಿಕ್ಸ್ ಕಮಿಟಿಯೂ ಅಷ್ಟೇ. ಆರೋಗ್ಯವಂತರ ಒಂದು ಹನಿ ರಕ್ತವಾದರೂ ಕಮಿಟಿ ಒಪ್ಪಬೇಕು. ಕೊನೆಯ ದಿನಾಂಕ ಪ್ರಕಟವಾಗಲಿ ಅಂತ ಕಾಯಬೇಡಿ, ಈ ಎರಡು ಅರ್ಜಿಗಳನ್ನು ಮೊದಲೇ ಕೊಟ್ಟುಬಿಡಿ. ನಮ್ಮ ಫಿಲ್ಟರ್ ಪೇಪರ್ ಅರ್ಜಿ ಈಗ ಕಮಿಟಿಯ ಮುಂದಿದೆ. ಒಪ್ಪಿಗೆ ಪತ್ರದ ಕನ್ನಡ ಇನ್ನೂ ಸರಳವಾಗಲಿ ಅಂದಿದ್ದಾರೆ. ಟೆಕ್ನಿಷಿಯನ್ ಮೇಡಂ ಅದನ್ನು ಮಂಡ್ಯದ ಜನ ಮಾತಾಡುವ ಹಾಗೆ ತಿದ್ದುತ್ತಿದ್ದಾರೆ, ಸೋಮವಾರ ಕಳಿಸುತ್ತೇವೆ.