ಹುಡುಗನ್ನ ಯಾವಾಗ ಅಮೆರಿಕಾಕ್ಕ ಕಳಸಬೇಕ್ರಿ ಸರ?

ಸಿಇಟಿ ಫಲಿತಾಂಶ ಬಂತೆಂದರೆ ಈ ಪ್ರಶ್ನೆ ಶುರು. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ನೆಟ್‌ವರ್ಕ್ ಪಾಠ ಮಾಡುವವನು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ದುರ್ಗದಬೈಲಿನಲ್ಲಿ ಗಿರಮಿಟ್ ಕೈಗೆ ಬರುವ ಮೊದಲೇ, ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೇಳುತ್ತಾರೆ: "ಸರ, ನಮ್ಮ ಹುಡುಗ ದೇಶಪಾಂಡೆಯವರಂಗ ಆಗಬೇಕಂದ್ರ ಯಾವಾಗ ಅಮೆರಿಕಾಕ್ಕ ಕಳಸಬೇಕ್ರಿ?"

ದೇಶಪಾಂಡೆ ಎಂದರೆ ಗುರುರಾಜ ದೇಶಪಾಂಡೆ. 1950ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಕ್ಯಾಸ್ಕೇಡ್, ಸಿಕಾಮೋರ್ ಎಂಬ ಕಂಪನಿಗಳನ್ನು ಕಟ್ಟಿದವರು. ಸುಧಾ ಮೂರ್ತಿಯವರ ಸಹೋದರಿ ಜಯಶ್ರೀ ಅವರ ಪತಿ. ಅವರ ಹೆಸರಿನ ಫೌಂಡೇಶನ್ ನಮ್ಮೂರಲ್ಲೇ ಇದೆ, ಹಾಗಾಗಿ ಹೆಸರು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಉಳಿದದ್ದೆಲ್ಲ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ, ಇಲ್ಲಿ ಒಮ್ಮೆ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅವರು ಮೊದಲು ಹೋದದ್ದು ಅಮೆರಿಕಕ್ಕೆ ಅಲ್ಲವೇ ಅಲ್ಲ. ಕೆನಡಾಕ್ಕೆ. ಮದ್ರಾಸ್ ಐಐಟಿಯಲ್ಲಿ ಎಲೆಕ್ಟ್ರಿಕಲ್ ಓದಿ, ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಆಮೇಲೆ ಕಿಂಗ್‌ಸ್ಟನ್ ಊರಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಡೇಟಾ ಕಮ್ಯುನಿಕೇಶನ್ ವಿಷಯದಲ್ಲಿ ಪಿಎಚ್‌ಡಿ. ಕಂಪ್ಯೂಟರಿಗೂ ಕಂಪ್ಯೂಟರಿಗೂ ಮಾತಾಡಿಸುವುದು ಇನ್ನೂ ಕೆಲವೇ ಜನರ ಕಸುಬಾಗಿದ್ದ ಕಾಲ ಅದು. ಅದಾದ ಮೇಲೆ ಮೊಟೊರೋಲಾದ ಅಂಗಸಂಸ್ಥೆಯಾಗಿದ್ದ, ಮೋಡೆಮ್ ಮಾಡುತ್ತಿದ್ದ ಕೋಡೆಕ್ಸ್ ಕಂಪನಿಯಲ್ಲಿ ನೌಕರಿ. ಆ ಕೆಲಸದ ದಾರಿಯಲ್ಲೇ ಅಮೆರಿಕ ಬಂದದ್ದು.

ನಂತರ ಕೋರಲ್ ನೆಟ್‌ವರ್ಕ್ಸ್ ಎಂಬ ಕಂಪನಿಯನ್ನು ಇನ್ನೊಬ್ಬರ ಜತೆ ಸೇರಿ ಶುರುಮಾಡಿದರು. ಪಾಲುದಾರರ ಜತೆ ಅಭಿಪ್ರಾಯ ಕೂಡಲಿಲ್ಲ, ಬಿಟ್ಟು ಹೊರಬಂದರು. ಈ ಭಾಗ ಹೇಳಿದಾಗ ಎದುರಿಗಿರುವವರ ಗಮನ ಬೇರೆ ಕಡೆ ಹೋಗುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ. ಸ್ವಂತದ್ದು ಅಂತ ಕಟ್ಟಿದ ಮೊದಲ ಕಂಪನಿಯನ್ನು ಬಿಟ್ಟು ಎದ್ದು ಬರುವುದು ಯಾರ ಮನೆಯಲ್ಲಾದರೂ ದೊಡ್ಡ ಸುದ್ದಿಯೇ. 1990ರಲ್ಲಿ ಕ್ಯಾಸ್ಕೇಡ್ ಶುರುವಾದಾಗ ಅವರಿಗೆ ನಲವತ್ತು. ನಮ್ಮಲ್ಲಿ ಇಪ್ಪತ್ತೆರಡಕ್ಕೆ ಕ್ಯಾಂಪಸ್ ಸೆಲೆಕ್ಷನ್ ಆಗದ ಹುಡುಗನನ್ನು ಮನೆಮಂದಿಯೆಲ್ಲ ಹೆಂಗೆಂಗೋ ನೋಡುತ್ತಾರೆ.

ಮತ್ತೆ, ಅವತ್ತಿನ ಬಾಗಿಲು ಇವತ್ತಿನದಲ್ಲ. ಇವತ್ತು ಎಚ್-1ಬಿ ವೀಸಾದಲ್ಲಿ ಹೋದ ಹುಡುಗ ಕೆಲಸ ಕೊಟ್ಟ ಕಂಪನಿಗೆ ಕಟ್ಟುಬಿದ್ದವನು. ಕೆಲಸ ಹೋದರೆ ಅರವತ್ತು ದಿನದೊಳಗೆ ಇನ್ನೊಂದು ದಾರಿ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನೌಕರಿಯ ಮೂಲಕ ಕೊಡುವ ಗ್ರೀನ್ ಕಾರ್ಡಿನಲ್ಲಿ, ಅಂದರೆ ಅಲ್ಲೇ ಕಾಯಂ ಇರುವ ಪರವಾನಗಿಯಲ್ಲಿ, ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ನಮ್ಮವರ ಸರದಿ ವರ್ಷಗಟ್ಟಲೆ ಉದ್ದ. ನನ್ನ ಹಳೆಯ ವಿದ್ಯಾರ್ಥಿಗಳು ಅಲ್ಲಿಂದ ಫೋನ್ ಮಾಡಿ ಹೇಳುವುದು ಇದನ್ನೇ: ಒಳ್ಳೆಯ ಐಡಿಯಾ ಇದೆ ಸರ, ಆದರೆ ನೌಕರಿ ಬಿಡುವ ಹಾಗಿಲ್ಲ. ಹಾಗಾಗಿ "ಯಾವಾಗ ಕಳಸಬೇಕು" ಎಂಬುದಕ್ಕೆ ವರ್ಷ, ತಿಂಗಳು ಹೇಳಲು ನನ್ನಿಂದ ಆಗುವುದಿಲ್ಲ. ಹೇಳುವವರು ಸಿಕ್ಕರೆ ನಂಬಬೇಡಿ.

ಈಗ ಹೋದ ವರ್ಷದ ಮಾತು. ನವಲಗುಂದದ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬೀಜ-ಗೊಬ್ಬರದ ಅಂಗಡಿಯವರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರಲ್ಲಿ ಹತ್ತನೆಯದರಿಂದ ಹಿಡಿದು ಎಲ್ಲ ಅಂಕಪಟ್ಟಿ. ಅದೇ ಪ್ರಶ್ನೆ ಕೇಳಿದರು. ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, ಚಹಾದ ಕಪ್ಪು ಕೆಳಗಿಟ್ಟು ಅಂದರು: "ಏನ ಹೇಳ್ರಿ ಸರ, ಅವರ ನಸೀಬ ಚಲೋ ಇತ್ತು. ಒಟ್ಟ ಎಷ್ಟ ಕೋಟಿ ಆಗಿರಬೇಕ್ರಿ?"

ನನಗೆ ಸಿಟ್ಟು ಬಂತು. ಮನೆಗೆ ಬಂದವರ ಮುಂದೆ ದನಿ ಏರಿಸಬಾರದು, ಏರಿತು. "ಕೋಟಿ ಕೇಳ್ತೀರಿ, ನಸೀಬ ಅಂತೀರಿ. ಅವರು ಮಾಡಿದ್ದೇನು ಅಂತ ಒಬ್ಬರರ ಕೇಳೀರೇನು?" ಅಂದುಬಿಟ್ಟೆ. ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ಆಮೇಲೆ ಆ ಹುಡುಗ ಮೆಲ್ಲಗೆ ಅಂದ, "ಏನ ಮಾಡಿದ್ರಿ ಸರ?"

ಇಷ್ಟು ವರ್ಷದಲ್ಲಿ ಅದನ್ನು ನನ್ನ ಕೇಳಿದವನು ಅವನೊಬ್ಬನೇ.

ಹೇಳಿದೆ. ಆಗೆಲ್ಲ ಒಂದು ಬ್ಯಾಂಕಿನ ಎರಡು ಶಾಖೆಗಳ ಕಂಪ್ಯೂಟರುಗಳನ್ನು ಜೋಡಿಸಬೇಕೆಂದರೆ ನಡುವೆ ಒಂದು ತಂತಿಯನ್ನೇ ಪೂರ್ತಿ ಬಾಡಿಗೆಗೆ ಹಿಡಿಯಬೇಕಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಕ್ಕೆರಡು ಸಲ ಹೋಗಲು ಒಂದು ಕಾರನ್ನು ಇಡೀ ದಿನ ಬಾಡಿಗೆಗೆ ನಿಲ್ಲಿಸಿಕೊಂಡ ಹಾಗೆ. ತಂತಿ ಬಹಳ ಹೊತ್ತು ಖಾಲಿ, ಬಾಡಿಗೆ ಮಾತ್ರ ಪೂರಾ. ಫ್ರೇಮ್ ರಿಲೇ ಎಂಬ ವಿಧಾನ ಇದನ್ನು ಬದಲಿಸಿತು. ಮಾಹಿತಿಯನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಅದರ ದಾರಿಯ ಸಂಖ್ಯೆ ಹಚ್ಚಿ, ಹತ್ತು ಜನರದ್ದನ್ನು ಒಂದೇ ತಂತಿಯಲ್ಲಿ ಕಳಿಸುವುದು. ಕಾರು ಬಿಟ್ಟು, ಹತ್ತು ಜನ ಸೇರಿ ಹೋಗುವ ಟಂಟಂ ಆಟೋ ಹತ್ತಿದ ಹಾಗೆ. ಹಳೆಯ ಎಕ್ಸ್.25 ಪದ್ಧತಿಯಲ್ಲಿ ದಾರಿಯ ಒಂದೊಂದು ನಿಲ್ದಾಣದಲ್ಲೂ ತಪ್ಪು ಹಿಡಿದು ಮತ್ತೆ ತರಿಸುವ ಕೆಲಸ ನಡೆಯುತ್ತಿತ್ತು. ಫ್ರೇಮ್ ರಿಲೇ ಕೆಟ್ಟ ತುಂಡನ್ನು ಅಲ್ಲೇ ಬಿಸಾಕಿ ಮುಂದೆ ಸಾಗುತ್ತದೆ. ಮತ್ತೆ ತರಿಸಿಕೊಳ್ಳುವ ಕೆಲಸ ಎರಡು ತುದಿಯ ಕಂಪ್ಯೂಟರುಗಳದ್ದು. ತಂತಿಗಳು ಅಷ್ಟು ಚೊಕ್ಕವಾಗಿದ್ದವು, ಹಾಗಾಗಿ ಅದು ನಡೆಯಿತು. ಇಂಥ ತುಂಡುಗಳನ್ನು ಸರಿಯಾದ ದಾರಿಗೆ ಹಚ್ಚುವ ಸ್ವಿಚ್‌ಗಳನ್ನು ಮಾಡಿ ಟೆಲಿಫೋನ್ ಕಂಪನಿಗಳಿಗೆ ಮಾರಿದ್ದು ಕ್ಯಾಸ್ಕೇಡ್. ಅಂತರ್ಜಾಲ ಹಿಗ್ಗುತ್ತಿದ್ದ ವರ್ಷಗಳು. ಬೇಡಿಕೆ ಬಂದಾಗ ಪೆಟ್ಟಿಗೆ ಸಿದ್ಧವಿತ್ತು. ಮುಖ್ಯ ಅಧಿಕಾರಿಯ ಕುರ್ಚಿಗೆ ಡ್ಯಾನ್ ಸ್ಮಿತ್ ಅವರನ್ನು ತಂದರು, ತಾನೇ ಕೂರಬೇಕು ಅನ್ನಲಿಲ್ಲ. 1997ರಲ್ಲಿ ಅಸೆಂಡ್ ಎಂಬ ಕಂಪನಿ 3.7 ಶತಕೋಟಿ ಡಾಲರ್ ಕೊಟ್ಟು ಕ್ಯಾಸ್ಕೇಡನ್ನು ಕೊಂಡಿತು. ಕೋಟಿ ಕೇಳಿದವರಿಗೆ ಇದು ಲೆಕ್ಕ.

ಹುಡುಗ ಕೇಳಿದ, "ಟಂಟಂ ತುಂಬಿದ ಮ್ಯಾಲೆ ಬಂದವರು ಏನ ಮಾಡ್ಬೇಕ್ರಿ ಸರ?"

ಆ ಒಂದು ಮಾತಿಗೆ ನಾನು ಒಳಗಿನಿಂದ ಮಗಳ ಪಾಟಿ ತಂದೆ. ಪ್ರತಿ ಗಿರಾಕಿಗೂ ಇಷ್ಟು ವೇಗ ಖಾತ್ರಿ ಎಂಬ ಒಪ್ಪಂದ ಇರುತ್ತದೆ. ಅದಕ್ಕಿಂತ ಹೆಚ್ಚು ಕಳಿಸಿದರೆ ಜಾಗ ಇದ್ದಾಗ ಅದೂ ಹೋಗುತ್ತದೆ, ಆದರೆ ಆ ತುಂಡಿನ ಮೇಲೆ ಒಂದು ಬಿಟ್ ಗುರುತು ಬೀಳುತ್ತದೆ. ದಾರಿ ಕಟ್ಟಿಕೊಂಡರೆ ಮೊದಲು ಕೆಳಗಿಳಿಸುವುದು ಗುರುತು ಇದ್ದವನ್ನೇ. ಚೌಕ ಬರೆದು, ಗುರುತು ಹಾಕಿ, ಒಂದೊಂದಾಗಿ ಅಳಿಸಿ ತೋರಿಸಿದೆ. ಅವನು ಪಾಟಿಯನ್ನು ತನ್ನ ಕಡೆ ತಿರುಗಿಸಿಕೊಂಡು, "ಹಂಗಾದ್ರ ಎಲ್ಲಾರೂ ಒಪ್ಪಂದದಷ್ಟೇ ಕಳಿಸಿದ್ರೂ ತಂತಿ ಸಾಲದಾದ್ರ?" ಅಂದ. ಜಾಗಕ್ಕಿಂತ ಹೆಚ್ಚು ಖಾತ್ರಿ ಕೊಟ್ಟವನ ತಪ್ಪು ಅದು, ಕಂಪನಿಗಳು ಹಾಗೆ ಮಾಡುತ್ತಿದ್ದುದೂ ಉಂಟು ಎಂದು ಹೇಳಿದೆ. ಅವನ ಬೆರಳತುದಿಯಲ್ಲಿ ಸುಟ್ಟ ಸಣ್ಣ ಕಲೆಗಳಿದ್ದವು. ಸಾಲ್ಡರಿಂಗ್ ಕಡ್ಡಿಯವು. ಊರವರ ಪಂಪ್‌ಸೆಟ್ಟಿನ ಸ್ಟಾರ್ಟರ್, ಟಾರ್ಚು, ರೇಡಿಯೊ ಎಲ್ಲ ಬಿಚ್ಚುತ್ತಾನಂತೆ. ಅಂಕಪಟ್ಟಿಯ ಫೈಲಿನಲ್ಲಿ ಅದರ ಸುಳಿವೇ ಇರಲಿಲ್ಲ.

ತಂದೆ ಎರಡು ಸಲ ಗಡಿಯಾರ ನೋಡಿದರು, ಮೂರನೆಯ ಸಲ ನೋಡಲಿಲ್ಲ. ಪಾಟಿಯ ಕಡೆ ಬಾಗಿ, "ಮುಂದ ಆ ಕಂಪನಿ ಏನಾತ್ರಿ?" ಅಂದರು. ಅವರ ಮುಂದಿನ ಕಂಪನಿ ಸಿಕಾಮೋರ್ ಕತೆಯನ್ನೂ ಹೇಳಿದೆ. 1998ರಲ್ಲಿ ಶುರು, ಬೆಳಕಿನ ತಂತಿಯ, ಅಂದರೆ ಆಪ್ಟಿಕಲ್ ಫೈಬರಿನ, ಸ್ವಿಚ್‌ಗಳು. 1999ರ ಅಕ್ಟೋಬರಿನಲ್ಲಿ 38 ಡಾಲರಿಗೆ ಮಾರಿದ ಷೇರು ಮೊದಲ ದಿನವೇ 180 ದಾಟಿತು. ಆಮೇಲೆ ಟೆಲಿಕಾಂ ಕಂಪನಿಗಳು ಕುಸಿದವು, ಕೊಳ್ಳುವವರೇ ಇಲ್ಲವಾದರು, ಷೇರು ನೆಲಕಚ್ಚಿತು. 2013ರಲ್ಲಿ ಷೇರುದಾರರೇ ಮತ ಹಾಕಿ ಕಂಪನಿ ಮುಚ್ಚಲು ಒಪ್ಪಿದರು. ಅದರ ನಡುವೆಯೇ, 2002ರಲ್ಲಿ, ದೇಶಪಾಂಡೆ ದಂಪತಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ 2 ಕೋಟಿ ಡಾಲರ್ ಕೊಟ್ಟು, ಪ್ರಯೋಗಾಲಯದ ಸಂಶೋಧನೆಯನ್ನು ಮಾರುಕಟ್ಟೆಗೆ ಮುಟ್ಟಿಸುವ ಕೇಂದ್ರ ಮಾಡಿದ್ದರು. "ಮುಳುಗೂ ಹೊತ್ತಿನ್ಯಾಗ ಕೊಟ್ರೇನ್ರಿ?" ಅಂದರು ಅವರು. ಈ ಸಲ ಕೋಟಿಯ ಲೆಕ್ಕ ಕೇಳಲಿಲ್ಲ.

ಹೊರಡುವಾಗ ಕತ್ತಲಾಗಿತ್ತು. ನವಲಗುಂದದ ಕೊನೆಯ ಬಸ್ಸು ತಪ್ಪೀತೆಂದು ನಾನೇ ಸ್ಕೂಟರ್ ತೆಗೆದು ಸ್ಟ್ಯಾಂಡಿಗೆ ದಾರಿ ತೋರಿಸುತ್ತ ಮುಂದೆ ಹೋದೆ, ಅವರು ಆಟೋದಲ್ಲಿ ಹಿಂದೆ ಬಂದರು. ಬಸ್ಸು ಹತ್ತುವ ಮುಂಚೆ ಹುಡುಗ ತಿರುಗಿ, ಆ ಗುರುತಿನ ಬಿಟ್ ಹಚ್ಚುವವರು ಯಾರು, ಕಳಿಸುವವನೋ ಸ್ವಿಚ್ಚೋ ಎಂದು ಕೇಳಿದ. ಇಬ್ಬರೂ ಹಚ್ಚಬಹುದು ಅಂದೆ. ಕಂಡಕ್ಟರ್ ಸೀಟಿ ಊದಿದ.